ಗೀರಿಗೆ ಕರ್ತೃ ಯಾರು?

ಒಂದು ಕೆಲಸವು ಕೆಟ್ಟಾಗ ಅದರ ದೋಷವನ್ನು ಯಾರ ಮೇಲೆ ಹೊರಿಸತಕ್ಕದ್ದೆಂಬುದು ಧರ್ಮವಿಚಾರದಲ್ಲಿ ಬಹು ಹಳೆಯ ಪ್ರಶ್ನೆ. ದೊಡ್ಡ ಅಪರಾಧಗಳ ವಿಷಯದಲ್ಲಿ ಇದನ್ನು ನಿರ್ಣಯಿಸಲು ನ್ಯಾಯಸ್ಥಾನಗಳಿವೆ, ವಕೀಲರಿದ್ದಾರೆ, ಗ್ರಂಥಗಳಿವೆ. ಅರ್ಧ ಅಂಗುಲದ ಗೀರೊಂದರ ವಿಷಯದಲ್ಲಿ ಇದೇ ಪ್ರಶ್ನೆಯನ್ನು ಕೇಳುವವರು ಮಾತ್ರ ವಿರಳ. ಈ ಲೇಖನದಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಅಂಥ ಗೀರನ್ನೇ. ಅಂಗಡಿಯ ಹಲಗೆಗಳ ಮೇಲೂ ವಾಹನಗಳ ಮೈಮೇಲೂ ವಿನೈಲ್ ಹಾಳೆಯನ್ನು ಅಂಟಿಸುವಾಗ, ಅದನ್ನು ಒತ್ತುವ ಸಲಕರಣೆಯಿಂದಲೇ ಬೀಳುವ ಗೀರನ್ನು. ವಿಷಯವು ಅಲ್ಪವೆಂದು ವಾಚಕರು ಪುಟವನ್ನು ತಿರುವಿಬಿಡಬಾರದಾಗಿ ಪ್ರಾರ್ಥನೆ. ಅಲ್ಪವಾದುದರಲ್ಲಿ ನಮ್ಮ ರಾಗದ್ವೇಷಗಳು ಹೆಚ್ಚಾಗಿ ತಲೆಹಾಕವಾದ್ದರಿಂದ ವಿಚಾರವು ಅಲ್ಲಿ ತಿಳಿಯಾಗಿ ನಡೆಯುತ್ತದೆ.

ಕುಂಚವನ್ನು ಹಿಡಿದು ಏಣಿಯ ಮೇಲೆ ನಿಂತು ಅಕ್ಷರಗಳನ್ನು ಬರೆಯುತ್ತಿದ್ದವರ ವೃತ್ತಿಯು ನಮ್ಮ ಪೇಟೆಗಳಲ್ಲಿ ಬಹುಮಟ್ಟಿಗೆ ಕುಗ್ಗಿಹೋಗಿ, ಅದರ ಸ್ಥಾನಕ್ಕೆ ವಿನೈಲ್ ಬಂದಿರುವುದು ಎಲ್ಲರೂ ಕಂಡ ಸಂಗತಿ. ೨೦೨೪ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿಯ ಅಧಿನಿಯಮಕ್ಕೆ ತಿದ್ದುಪಡಿಯಾಗಿ, ನಾಮಫಲಕಗಳಲ್ಲಿ ಶೇಕಡಾ ೬೦ರಷ್ಟು ಕನ್ನಡವಿರತಕ್ಕದ್ದೆಂದು ವಿಧಿಸಲ್ಪಟ್ಟ ಮೇಲೆ ಈ ಕೆಲಸವು ಇನ್ನಷ್ಟು ಬೆಳೆಯಿತು. ವಿನೈಲ್ ಎಂಬುದು ಪಿ.ವಿ.ಸಿ. ಎಂಬ ದ್ರವ್ಯದಿಂದಾದ ತೆಳುವಾದ ಹಾಳೆ. ಸ್ವಭಾವತಃ ಪೆಡಸಾದ ಆ ದ್ರವ್ಯವನ್ನು ಮೆತ್ತಗೆ ಬಳುಕುವಂತೆ ಮಾಡುವ ಉಪಾಯವನ್ನು ೧೯೨೬ರಲ್ಲಿ ಅಮೆರಿಕದ ವಾಲ್ಡೋ ಸೆಮನ್ ಎಂಬ ರಸಾಯನಶಾಸ್ತ್ರಜ್ಞನು ಕಂಡುಹಿಡಿದನು. ಬೆನ್ನಿಗೆ ಅಂಟುಳ್ಳ ಚೀಟಿಗಳನ್ನು ೧೯೩೫ರಲ್ಲಿ ಸ್ಟ್ಯಾಂಟನ್ ಏವರಿ ಎಂಬವನು ಮಾರಾಟಕ್ಕೆ ತಂದನು. ಈ ಎರಡರ ಸಂಯೋಗವೇ ಇಂದಿನ ಹಾಳೆ. ಉರುಳೆಗಳ ನಡುವೆ ಒತ್ತಿ ತೆಗೆದ ಹಾಳೆಯು ಸಾಮಾನ್ಯವಾಗಿ ೭೫ರಿಂದ ೮೦ ಮೈಕ್ರಾನ್ ದಪ್ಪವಿರುತ್ತದೆ. ದ್ರವವನ್ನು ಹರಡಿ ಒಣಗಿಸಿ ಮಾಡಿದ ಉತ್ತಮ ಜಾತಿಯದು ಸುಮಾರು ೫೦ ಮೈಕ್ರಾನ್. ಮನುಷ್ಯನ ತಲೆಗೂದಲಿನ ದಪ್ಪವೂ ಹೆಚ್ಚುಕಡಿಮೆ ಇಷ್ಟೇ. ಇಷ್ಟು ತೆಳುವಾದ ಮೈಯನ್ನು ಗಟ್ಟಿಯಾದ ಅಂಚಿನಿಂದ ಉಜ್ಜಬೇಕು, ಆದರೆ ಗುರುತು ಬೀಳಬಾರದು. ಸಮಸ್ಯೆಯು ಇದೇ.

ಉಜ್ಜಲೇಬೇಕೆ ಎಂದರೆ, ಉಜ್ಜಲೇಬೇಕು. ಈ ಹಾಳೆಗಳ ಅಂಟು ಗೋಂದಿನಂತೆ ಆರಿ ಹಿಡಿಯುವಂಥದಲ್ಲ. ಒತ್ತಿದರೆ ಮಾತ್ರ ಹಿಡಿಯುವಂಥದು. ಕಣ್ಣಿಗೆ ನುಣುಪಾಗಿ ಕಾಣುವ ಲೋಹದ ಅಥವಾ ಬಣ್ಣದ ಮೈಯಲ್ಲಿಯೂ ಸೂಕ್ಷ್ಮವಾದ ಏರುತಗ್ಗುಗಳಿವೆ. ಒತ್ತಡ ಬಿದ್ದಾಗ ಅಂಟು ಅತಿ ಮಂದವಾದ ದ್ರವದಂತೆ ಆ ತಗ್ಗುಗಳಿಗೆ ಇಳಿಯುತ್ತದೆ. ಇಳಿದಷ್ಟೂ ಹಿಡಿತ ಬಲವಾಗುತ್ತದೆ. ಒತ್ತಿದ ಮೇಲೆಯೂ ಒಂದೆರಡು ದಿನಗಳ ಕಾಲ ಹಿಡಿತವು ಬೆಳೆಯುತ್ತಲೇ ಇರುವುದು. ಒತ್ತದೆ ಬಿಟ್ಟ ಹಾಳೆಯು ಅಂಟಿದಂತೆ ತೋರುತ್ತದೆ, ಅಷ್ಟೆ. ಮೊದಲ ಮಳೆಗಾಲದಲ್ಲಿ ಅಂಚುಗಳೆದ್ದು, ಧೂಳು ಒಳಹೊಕ್ಕು, ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಗೀರು ಬೀಳದಿರಲೆಂದು ಕೈಯನ್ನು ಸಡಿಲಬಿಡುವವನನ್ನು ಲೋಕವು ನಯವುಳ್ಳವನೆಂದು ಹೊಗಳುವುದುಂಟು. ನನ್ನ ಮಟ್ಟಿಗೆ ಅವನು ತನ್ನ ಹೆಸರನ್ನು ಕಾಪಾಡಿಕೊಂಡವನೇ ಹೊರತು ಕೆಲಸವನ್ನು ಕಾಪಾಡಿದವನಲ್ಲ. ಗೀರು ಇಂದೇ ಕಾಣುತ್ತದೆ, ಬೈಗುಳವೂ ಇಂದೇ ಬೀಳುತ್ತದೆ; ಸಡಿಲವಾದ ಹಿಡಿತದ ಫಲವು ಆರು ತಿಂಗಳಾದ ಮೇಲೆ, ಹಣವು ಕೈಸೇರಿದ ಮೇಲೆ, ಯಾರ ತಪ್ಪೆಂದು ಹೇಳಲಾಗದಂಥ ಸಮಯದಲ್ಲಿ ಕಾಣುತ್ತದೆ. ಆದುದರಿಂದ ಎರಡು ದೋಷಗಳಲ್ಲಿ ಅಂಜುಬುರುಕನು ಯಾವಾಗಲೂ ಎರಡನೆಯದನ್ನೇ ಆರಿಸಿಕೊಳ್ಳುವನು. ಮೃದುತ್ವವು ಗುಣವಾಗುವುದು ಒತ್ತಡವನ್ನು ಬಿಟ್ಟಾಗಲ್ಲ, ಒತ್ತಡದೊಳಗೇ ಇದ್ದಾಗ.

ಹಾಗಾದರೆ ಒತ್ತಡವಿದ್ದೂ ಗೀರಿಲ್ಲದಿರುವುದು ಹೇಗೆ? ಇದಕ್ಕೆ ಉತ್ತರವು ಸಲಕರಣೆಯ ಆಯ್ಕೆಯಿಂದ ಮೊದಲಾಗುತ್ತದೆ. ಇದನ್ನು ಕೆಲಸಗಾರರು ಸ್ಕ್ವೀಜಿ ಎನ್ನುತ್ತಾರೆ. ನಾನು ಒತ್ತುಪಟ್ಟಿಯೆಂದು ಕರೆದು ನೋಡಿದೆ. ಯಾರೂ ತಿರುಗಿ ನೋಡಲಿಲ್ಲವಾದ್ದರಿಂದ ರೂಢಿಯ ಹೆಸರನ್ನೇ ಇಟ್ಟುಕೊಂಡಿದ್ದೇನೆ. ಹಡಗಿನ ಅಟ್ಟದ ನೀರನ್ನು ತಳ್ಳಲು ನಾವಿಕರು ಬಳಸುತ್ತಿದ್ದ ಸಾಧನದಿಂದ ಬಂದ ಹೆಸರಿದು. ನಮ್ಮ ಪ್ರಕೃತ ವಿಷಯವಾದ ಸ್ಕ್ವೀಜಿಯು ಅಂಗೈಯಗಲದ, ಸುಮಾರು ನಾಲ್ಕು ಅಂಗುಲದ, ಪ್ಲಾಸ್ಟಿಕ್ಕಿನ ಚಪ್ಪಟೆಯಾದ ತುಂಡು. ಅದರಲ್ಲಿ ಮೆದು, ಮಧ್ಯಮ, ಗಟ್ಟಿ ಎಂಬ ಭೇದಗಳಿವೆ. ಗಟ್ಟಿಯಾದುದು ಒತ್ತಡವನ್ನು ಒಂದು ಸಪುರವಾದ ಗೆರೆಯ ಮೇಲೆ ಕೂಡಿಸಿ ಹಾಕುತ್ತದೆ. ಚಿಕ್ಕ ಅಕ್ಷರಗಳಿಗೂ, ಮೇಲೆ ಟೇಪಿನ ಹೊದಿಕೆಯಿರುವ ಹಾಳೆಗೂ ಅದು ತಕ್ಕುದು. ಮೆದುವಾದುದು ಬಾಗಿ, ಮೈಯ ಉಬ್ಬುತಗ್ಗುಗಳನ್ನು ಅನುಸರಿಸುತ್ತದೆ. ವಾಹನದ ಬಾಗಿದ ಭಾಗಗಳಿಗೆ ಹಿತ. ಇನ್ನು ಹೊದಿಕೆಯಿಲ್ಲದ ಬರಿಯ ಹಾಳೆಯನ್ನು ಉಜ್ಜಬೇಕಾದಾಗ ಅಂಚಿಗೆ ಫೆಲ್ಟಿನ ಪಟ್ಟಿಯನ್ನು ಅಂಟಿಸಿದ, ಇಲ್ಲವೇ ಜಾರುಬಟ್ಟೆಯ ಚೀಲವನ್ನು ತೊಡಿಸಿದ ಸ್ಕ್ವೀಜಿಯೇ ಬೇಕು. ಪ್ಲಾಸ್ಟಿಕ್ಕು ಪ್ಲಾಸ್ಟಿಕ್ಕನ್ನು ನೇರವಾಗಿ ಉಜ್ಜಿದರೆ ಒಂದು ಇನ್ನೊಂದನ್ನು ತಿನ್ನದೆ ಬಿಡದು. ಕಪ್ಪಾದ ಹೊಳಪಿನ ಹಾಳೆಯಲ್ಲಿ ಈ ತಿಂದ ಗುರುತು ಸ್ಪಷ್ಟವಾಗಿ ಕಾಣುತ್ತದೆ. ಮಂಕು ಮೈಯ ಹಾಳೆಯಲ್ಲಿ ಇದಕ್ಕೆ ವಿಪರೀತವಾಗಿ, ಹೆಚ್ಚು ಉಜ್ಜಿದ ಕಡೆ ಹೊಳಪೇ ಕಲೆಯಾಗಿ ನಿಲ್ಲುತ್ತದೆ. ಹೊಳಪೂ ಒಂದು ಗಾಯವಾಗಬಲ್ಲುದೆಂಬುದನ್ನು ನಾನು ಇಲ್ಲಿಯೇ ಮೊದಲು ತಿಳಿದದ್ದು.

ಎಷ್ಟೇ ಉತ್ತಮವಾದ ಸ್ಕ್ವೀಜಿಯಾದರೂ ಅದರ ಅಂಚನ್ನು ಪ್ರತಿದಿನವೂ ಪರೀಕ್ಷಿಸತಕ್ಕದ್ದು. ಪರೀಕ್ಷೆಗೆ ಯಂತ್ರವೇನೂ ಬೇಕಿಲ್ಲ. ಹೆಬ್ಬೆರಳಿನ ಉಗುರನ್ನು ಅಂಚಿನ ಉದ್ದಕ್ಕೆ ಎಳೆದರೆ ಸಾಕು. ಎಲ್ಲಿ ಉಗುರು ತಡೆಯುವುದೋ ಅಲ್ಲಿ ಕಚ್ಚು ಬಿದ್ದಿದೆ. ನೆಲಕ್ಕೆ ಬಿದ್ದ ಸ್ಕ್ವೀಜಿಯ ಮೂಲೆಯಲ್ಲಿ ಇಂಥ ಕಚ್ಚು ಇಲ್ಲದಿರುವುದು ಅಪರೂಪ. ನುಣುಪಾದ ಮರಳುಕಾಗದವನ್ನು ಸಮತಲದ ಮೇಲಿಟ್ಟು ಅಂಚನ್ನು ತೇಯ್ದರೆ ಅದು ಮತ್ತೆ ನೇರ್ಪಡುತ್ತದೆ. ಫೆಲ್ಟಿನದಾದರೆ ತೇಯುವಂತಿಲ್ಲ, ತೊಳೆಯಬೇಕು, ಸವೆದಾಗ ಬದಲಾಯಿಸಬೇಕು.

ಕೈಯ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆನು. ಸ್ಕ್ವೀಜಿಯನ್ನು ಮೈಗೆ ಸುಮಾರು ೪೫ರಿಂದ ೭೦ ಅಂಶಗಳ ಕೋನದಲ್ಲಿ ಹಿಡಿದು, ನಡುವಿನಿಂದ ಅಂಚಿನ ಕಡೆಗೆ, ಒಂದರ ಮೇಲೊಂದು ಅರ್ಧ ಬೀಳುವಂತೆ ಎಳೆಯಬೇಕು. ಕೋನವು ತೀರ ತಗ್ಗಿದರೆ ಒತ್ತಡ ಹರಡಿ ಗಾಳಿ ಉಳಿಯುತ್ತದೆ. ತೀರ ನೆಟ್ಟಗಾದರೆ ಅಂಚು ಉಳಿಯಂತೆ ಕೆಲಸ ಮಾಡುತ್ತದೆ. ಅಂಚಿನಿಂದ ನಡುವಿಗೆ ಎಳೆದವನು ಗಾಳಿಯನ್ನು ತಾನೇ ಸೆರೆಹಿಡಿದು, ಆಮೇಲೆ ಅದನ್ನು ಓಡಿಸಲು ಇಮ್ಮಡಿ ಒತ್ತುತ್ತಾನೆ. ಬಹುತೇಕ ಗೀರುಗಳು ಬೀಳುವುದು ಈ ಎರಡನೆಯ ಒತ್ತಿನಲ್ಲಿಯೇ. ಉಳಿದ ಗುಳ್ಳೆಯನ್ನು ಸೂಜಿಯಿಂದ ಒಂದು ಬದಿಗೆ ಚುಚ್ಚಿ ಬೆರಳಿನಿಂದ ಒತ್ತಿದರೆ ತೀರಿತು. ಗಾಜಿನ ಮೇಲೆ ಕೆಲವು ತೊಟ್ಟು ಸೋಪು ಬೆರೆಸಿದ ನೀರನ್ನು ಸಿಂಪಡಿಸಿ ಅಂಟಿಸುವ ಪದ್ಧತಿಯೂ ಉಂಟು. ಗಾಳಿ ಹೋಗಲೆಂದು ಅಂಟಿನಲ್ಲಿಯೇ ಸೂಕ್ಷ್ಮವಾದ ಕಾಲುವೆಗಳನ್ನಿಟ್ಟಿರುವ ಹಾಳೆಗಳಿಗೆ ಅದು ಒಗ್ಗದು.

ನಮ್ಮ ಲಿಪಿಯಲ್ಲಿ ಈ ಕೆಲಸವು ಇನ್ನಷ್ಟು ಎಚ್ಚರವನ್ನು ಬೇಡುತ್ತದೆ. ಯಂತ್ರದಿಂದ ಕತ್ತರಿಸಿದ ಅಕ್ಷರಗಳನ್ನು ಒಂದು ಟೇಪಿನ ಮೇಲೆ ಎತ್ತಿಕೊಂಡು ಹಲಗೆಗೆ ಇಳಿಸುವಾಗ, ಇಂಗ್ಲಿಷಿನ ಅಕ್ಷರಗಳು ಹೆಚ್ಚಿನವು ಒಂದೊಂದೇ ತುಂಡಾಗಿ ಬರುತ್ತವೆ. ಕನ್ನಡದಲ್ಲಿ ಹಾಗಲ್ಲ. 'ಠ'ಕಾರದ ಹೊಟ್ಟೆಯೊಳಗಿನ ಬೊಟ್ಟು ಒಂದು ತುಂಡು. ಒತ್ತಕ್ಷರವು ತಾಯಿಯನ್ನು ಬಿಟ್ಟ ಮಗುವಿನಂತೆ ಕೆಳಗೆ ಬೇರೆಯೇ ಒಂದು ತುಂಡು. ಕೆಲವು ಮಾದರಿಗಳಲ್ಲಿ ತಲೆಕಟ್ಟೂ ಬೇರೆಯಾಗಿ ನಿಲ್ಲುತ್ತದೆ. ಸರಿಯಾಗಿ ಒತ್ತದೆ ಟೇಪನ್ನು ಕಿತ್ತರೆ ಇವು ಟೇಪಿನೊಂದಿಗೇ ಎದ್ದುಬರುತ್ತವೆ. ಒಂದು ಬೊಟ್ಟು ಹೋದರೆ 'ಪಾಠಶಾಲೆ'ಯು ಏನಾಗುವುದೆಂದು ವಾಚಕರೇ ಊಹಿಸಿಕೊಳ್ಳಬಹುದು. ಆದುದರಿಂದ ಚಿಕ್ಕ ತುಂಡುಗಳ ಮೇಲೆ ಗಟ್ಟಿ ಅಂಚಿನಿಂದ ಪುನಃಪುನಃ ಒತ್ತಬೇಕಾಗುತ್ತದೆ. ಗೀರಿನ ಭಯವೂ ಅಲ್ಲಿಯೇ ಹೆಚ್ಚು.

ಇಷ್ಟು ಭೂಮಿಕೆಯ ಮೇಲೆ ಮೂಲ ಪ್ರಶ್ನೆಗೆ ಬರೋಣ. ಯಾವುದೇ ಕರ್ಮದ ಸಿದ್ಧಿಗೆ ಐದು ಕಾರಣಗಳನ್ನು ಗೀತೆಯ ಕೊನೆಯ ಅಧ್ಯಾಯವು ಎಣಿಸುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ಗೀರೂ ಒಂದು ಕರ್ಮಫಲವೇ ಆದುದರಿಂದ ಇದನ್ನು ಅನ್ವಯಿಸಿ ನೋಡುವುದು ಅನುಚಿತವಲ್ಲ. ಅಧಿಷ್ಠಾನವೆಂದರೆ ಇಲ್ಲಿ ಹಾಳೆ ಮತ್ತು ಅದರ ಕೆಳಗಿನ ಹಲಗೆ. ಕರಣವೂ ಚೇಷ್ಟೆಯೂ ಮೇಲೆ ಹೇಳಲ್ಪಟ್ಟವು. ಉಳಿದವು ಕರ್ತೃ ಮತ್ತು ದೈವ.

ದೈವದ ಹೆಸರಿನಲ್ಲಿ ಕೆಲಸಗಾರರು ಹೇಳುವುದು ಸಾಮಾನ್ಯವಾಗಿ ಒಂದೇ: 'ಎಲ್ಲಿಂದಲೋ ಒಂದು ಮರಳಿನ ಕಣ ಬಂದು ಸಿಕ್ಕಿತು.' ಇದು ಸುಳ್ಳಲ್ಲ. ನಿಜವಾಗಿ ಅತ್ಯಂತ ಆಳವಾದ ಗೀರುಗಳಿಗೆ ಕಾರಣವು ಸ್ಕ್ವೀಜಿಯಲ್ಲ, ಅದರ ಅಂಚಿಗೆ ಅಂಟಿಕೊಂಡ ಧೂಳಿನ ಕಣ. ಧೂಳಿನಲ್ಲಿ ಬೆಣಚುಕಲ್ಲಿನ ಚೂರುಗಳಿರುತ್ತವೆ. ಖನಿಜಗಳ ಕಾಠಿಣ್ಯವನ್ನು ಅಳೆಯಲು ೧೮೧೨ರಲ್ಲಿ ಮೋಸ್ ಎಂಬ ಜರ್ಮನ್ ವಿದ್ವಾಂಸನು ಏರ್ಪಡಿಸಿದ ಹತ್ತು ಮೆಟ್ಟಲುಗಳಲ್ಲಿ ಬೆಣಚುಕಲ್ಲು ಏಳನೆಯದು. ಕಿಟಕಿಯ ಗಾಜು ಐದೂವರೆಯ ಹತ್ತಿರ. ಪ್ಲಾಸ್ಟಿಕ್ಕಿನ ಪಟ್ಟಿಯು ಗಾಜನ್ನು ಎಂದೂ ಗೀರಲಾರದು. ಗಾಜಿನ ಮೇಲೆ ಗೀರು ಬಿದ್ದಿದ್ದರೆ ನಡುವೆ ಮೂರನೆಯದೊಂದು ಇತ್ತೆಂದೇ ಅರ್ಥ. ಗಾಜಿನ ಗತಿಯೇ ಹೀಗಿರುವಾಗ ಮೆದುವಾದ ಹಾಳೆಯ ಪಾಡೇನು? ಆದರೆ ಆ ಕಣವು 'ಎಲ್ಲಿಂದಲೋ' ಬಂದುದೆಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಅದು ಗುಡಿಸದ ನೆಲದಿಂದ ಬಂದಿತು. ನೆಲದ ಮೇಲಿಟ್ಟು ಎತ್ತಿಕೊಂಡ ಫೆಲ್ಟಿನಿಂದ ಬಂದಿತು. ಬೀದಿಯ ಕಡೆ ತೆರೆದಿಟ್ಟ ಬಾಗಿಲಿನಿಂದ ಬಂದಿತು. ಸ್ಪಿರಿಟ್ಟಿನಿಂದ ಒರಸದೆ ಬಿಟ್ಟ ಹಲಗೆಯ ಮೂಲೆಯಿಂದ ಬಂದಿತು. ಹಿಂದಿನ ದಿನದ ಅಲಕ್ಷ್ಯವನ್ನೇ ಮರುದಿನ ದೈವವೆಂದು ಕರೆಯುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಹಿಂಸೆಯ ಲಕ್ಷಣವನ್ನು ಹೇಳುವಾಗ ಜೈನರ ತತ್ತ್ವಾರ್ಥಸೂತ್ರವು ದ್ವೇಷವನ್ನು ಮುಂದಿಡದೆ ಪ್ರಮಾದವನ್ನು ಮುಂದಿಟ್ಟಿರುವುದು ಇಲ್ಲಿ ಸ್ಮರಣೀಯ. ಹಾಳೆಗೆ ಪ್ರಾಣವಿಲ್ಲ, ಆ ಲಕ್ಷಣವು ಇಲ್ಲಿಗೆ ಹೇಗೆ ಅನ್ವಯಿಸೀತೆಂದು ಯಾರಾದರೂ ಆಕ್ಷೇಪಿಸಬಹುದು. ಹಾಳೆಗೆ ನೋವಿಲ್ಲವೆಂಬುದು ನಿಜ. ಆದರೆ ಗೀರು ಹಾಳೆಯಲ್ಲಿಯೇ ನಿಲ್ಲುವುದಿಲ್ಲ, ಅದು ಒಬ್ಬನ ಕೂಲಿಯವರೆಗೂ ಹೋಗುತ್ತದೆ.

ಹೋದ ಒಂದು ಪ್ರಸಂಗವನ್ನು ಹೇಳಬೇಕು. ಸಮೀಪದ ಪೇಟೆಯಲ್ಲಿ ಬೋರ್ಡುಗಳ ಕೆಲಸ ಮಾಡಿಸುವ ಒಬ್ಬ ಗೃಹಸ್ಥರು, ತಮ್ಮಲ್ಲಿದ್ದ ಯುವಕನೊಬ್ಬನ ಒಂದು ವಾರದ ಕೂಲಿಯನ್ನು ತಡೆಹಿಡಿದಿದ್ದರು. ಒಂದು ವಾಹನದ ಬಾಗಿಲಿಗೆ ಅಂಟಿಸಿದ ಕಪ್ಪು ಹಾಳೆಯ ಮೇಲೆ ಒಂದೇ ದಿಕ್ಕಿನಲ್ಲಿ ಮೂರು ಗೀರುಗಳು ಬಿದ್ದಿದ್ದುವು. ಹಾಳೆಯನ್ನು ಕಿತ್ತು ಬೇರೆ ಹಾಕಬೇಕಾಯಿತು. ಇಬ್ಬರೂ ನನ್ನಲ್ಲಿ ಪಾಠ ಹೇಳಿಸಿಕೊಂಡವರಾದ್ದರಿಂದ ನಿರ್ಣಯಕ್ಕೆಂದು ನನ್ನಲ್ಲಿಗೇ ಬಂದರು. ಸಲಕರಣೆಯನ್ನು ತರಿಸಿ ನೋಡಿದೆ. ಫೆಲ್ಟು ಒಂದು ಮೂಲೆಯಲ್ಲಿ ಪೂರ್ತಿ ಸವೆದು ಪ್ಲಾಸ್ಟಿಕ್ಕು ಹೊರಗೆ ಇಣುಕುತ್ತಿತ್ತು. ಹೊಸದನ್ನು ತರಿಸಿಕೊಡಿರೆಂದು ಹುಡುಗನು ಎರಡು ಸಲ ಕೇಳಿದ್ದನು. 'ಈ ವಾರ ಇದರಲ್ಲೇ ತೂಗಿಸು' ಎಂದು ಉತ್ತರ ದೊರೆತಿತ್ತು. ಇದನ್ನು ಯಜಮಾನರೂ ಅಲ್ಲಗಳೆಯಲಿಲ್ಲ. ಅವರ ವಾದವು ಬೇರೆ: 'ಸ್ಕ್ವೀಜಿ ಇದ್ದದ್ದು ಯಾರ ಕೈಯಲ್ಲಿ? ನನ್ನ ಕೈಯಲ್ಲಿ ಅಲ್ಲವಷ್ಟೆ?' ಹುಡುಗನ ವಾದವೂ ಅಷ್ಟೇ ಚಿಕ್ಕದು: 'ಒಲ್ಲೆನೆಂದಿದ್ದರೆ ಕೆಲಸವೇ ಇರುತ್ತಿರಲಿಲ್ಲ.'

ವ್ಯಾಕರಣವನ್ನು ಓದಿದವನಿಗೆ ಈ ವಿವಾದವು ಹೊಸದಲ್ಲ. ಕ್ರಿಯೆಯಲ್ಲಿ ಸ್ವತಂತ್ರನಾದವನನ್ನು ಕರ್ತೃವೆಂದೂ, ಸಿದ್ಧಿಗೆ ಎಲ್ಲಕ್ಕಿಂತ ಹೆಚ್ಚಾಗಿ ಸಹಾಯಕವಾದುದನ್ನು ಕರಣವೆಂದೂ ಪಾಣಿನಿಯು ವಿಧಿಸಿದನು. ಆದರೆ ಹೇಳುವವನ ಇಚ್ಛೆಯಂತೆ ಕರಣವೇ ಕರ್ತೃವಾಗಿ ತೋರಬಹುದೆಂಬುದನ್ನು ವೈಯಾಕರಣರು ಬಲ್ಲರು. ಕತ್ತಿಯೇ ಕಡಿಯುತ್ತದೆ, ಪಾತ್ರೆಯೇ ಬೇಯಿಸುತ್ತದೆ ಎನ್ನುತ್ತೇವಲ್ಲವೆ? 'ಸ್ಕ್ವೀಜಿ ಗೀರಿತು' ಎಂಬ ವಾಕ್ಯವೂ ಇಂಥದೇ. ವ್ಯಾಕರಣದಲ್ಲಿ ನಿರ್ದುಷ್ಟ, ವ್ಯವಹಾರದಲ್ಲಿ ಎಲ್ಲರನ್ನೂ ಬಿಡುಗಡೆಮಾಡುವ ವಾಕ್ಯ. ಇದಕ್ಕಿಂತ ಮುಖ್ಯವಾದುದು ಮುಂದಿನ ಸೂತ್ರ. ಕರ್ತೃವನ್ನು ಪ್ರೇರಿಸುವವನಿಗೆ ಹೇತುವೆಂಬ ಹೆಸರೂ ಉಂಟು, ಕರ್ತೃವೆಂಬ ಹೆಸರೂ ಉಂಟು ಎಂದು ಅಲ್ಲಿ ಹೇಳಿದೆ. ಕನ್ನಡದಲ್ಲಿ ಇದಕ್ಕೆ ಒಂದು ಪ್ರತ್ಯಯವೇ ಇದೆ: ಉಜ್ಜಿದವನು ಒಬ್ಬ, ಉಜ್ಜಿಸಿದವನು ಒಬ್ಬ. ಫಲವು ಒಳ್ಳೆಯದಾದಾಗ 'ಈ ಬೋರ್ಡನ್ನು ನಾನು ಮಾಡಿಸಿದೆ' ಎಂದು ಆ ಪ್ರತ್ಯಯವನ್ನು ಮುಂದುಮಾಡುವವರು, ಗೀರು ಬಿದ್ದಾಗ ಅದನ್ನು ನುಂಗಿಬಿಟ್ಟು 'ಅವನು ಮಾಡಿದ' ಎನ್ನುವುದು ನ್ಯಾಯವಲ್ಲ.

ಆದರೆ ಹುಡುಗನನ್ನು ಪೂರ್ತಿಯಾಗಿ ಬಿಟ್ಟುಬಿಡಲು ನನ್ನ ಮನಸ್ಸು ಒಪ್ಪಲಿಲ್ಲ. ಪರಾಧೀನನಿಗೆ ಸ್ವಾತಂತ್ರ್ಯವೇ ಇಲ್ಲವೆಂದರೆ ಅವನನ್ನು ಸ್ಕ್ವೀಜಿಯ ಸಾಲಿಗೆ ಸೇರಿಸಿದಂತಾಗುತ್ತದೆ. ಅದು ದಯೆಯ ವೇಷದಲ್ಲಿರುವ ಅವಮಾನ. ಒಲ್ಲೆನೆನ್ನುವಷ್ಟು ಸ್ವಾತಂತ್ರ್ಯ ಅವನಿಗೆ ಇರಲಿಲ್ಲ, ಒಪ್ಪಿದೆ. ಸವೆಯದ ಕಡೆಗೆ ಅಂಚನ್ನು ತಿರುಗಿಸಿಕೊಳ್ಳುವಷ್ಟು ಇತ್ತು. ಶುಭ್ರವಾದ ಮೆದುಬಟ್ಟೆಯನ್ನು ಸುತ್ತಿಕೊಳ್ಳುವಷ್ಟು ಇತ್ತು. ಉಳಿದ ಚೂರುಹಾಳೆಯ ಮೇಲೆ ಒಮ್ಮೆ ಎಳೆದು ನೋಡುವಷ್ಟಂತೂ ಇದ್ದೇ ಇತ್ತು. ಮೊದಲ ಗೀರು ಅವನಿಗೆ ತಿಳಿಯದೆ ಬಿದ್ದಿರಬಹುದು, ಮೂರನೆಯದು ಹಾಗಲ್ಲ. ಆದುದರಿಂದ ನಾನು ಹೇಳಿದ್ದು ಇಷ್ಟು: ಹಾಳೆಯ ಬೆಲೆಯನ್ನು ಯಜಮಾನರು ಹೊರತಕ್ಕದ್ದು, ಕೂಲಿಯನ್ನು ಕೊಡತಕ್ಕದ್ದು, ಮರಳಿ ಅಂಟಿಸುವ ಅರ್ಧ ದಿನದ ದುಡಿಮೆಗೆ ಹುಡುಗನು ಬೇರೆ ಕೂಲಿಯನ್ನು ಕೇಳತಕ್ಕದ್ದಲ್ಲ. ಇಬ್ಬರೂ ಸಂತೋಷದಿಂದ ಒಪ್ಪಿದರೆಂದು ಹೇಳಲಾರೆ. ಒಪ್ಪಿದರು.

ನಲವತ್ತು ವರ್ಷ ಪಾಠ ಹೇಳಿದವನಿಗೆ ಇದರಲ್ಲಿ ತನ್ನ ವೃತ್ತಿಯೂ ಕಾಣದೆ ಇರಲಾರದು. ಬಾಲಕರ ಮೇಲೆ ಒತ್ತಡವೇ ಬೇಡವೆನ್ನುವವರು ಈಗ ಹೆಚ್ಚು. ಒತ್ತಡವೆಂದರೆ ಬೆತ್ತವೆಂದು ತಿಳಿದವರು ಹಿಂದೆ ಹೆಚ್ಚಾಗಿದ್ದರು. ಪಾಠವು ಒಳಕ್ಕೆ ಇಳಿಯಬೇಕಾದರೆ ಒತ್ತಲೇಬೇಕು. ಗೀರುವುದು ಒತ್ತಡವಲ್ಲ, ಗುರುವಿನ ಮನಸ್ಸಿನ ಅಂಚಿಗೆ ಮನೆಯಿಂದಲೋ ಬೀದಿಯಿಂದಲೋ ಅಂಟಿಕೊಂಡು ಬಂದಿರುವ ಬೇರೆ ಯಾವುದೋ ಒಂದು ಕಣ. ಈ ಹೋಲಿಕೆಯನ್ನು ಇನ್ನೂ ಎಳೆದರೆ ಅದೂ ಗೀರಾದೀತು, ಇಲ್ಲಿಗೆ ಬಿಡುತ್ತೇನೆ.

ಉಳಿದಿರುವುದು ಒಂದು ಪ್ರಶ್ನೆ, ಮೇಲಿನದಕ್ಕಿಂತ ಕಠಿಣವಾದುದು. ನೇರ ಬೆಳಕಿನಲ್ಲಿ ಕಾಣದೆ, ಸಂಜೆಯ ಓರೆ ಬೆಳಕಿನಲ್ಲಿ ಮಾತ್ರ ಕಾಣುವಂಥ ಗೀರುಗಳಿವೆ. ಮೇಲ್ಮೈಯಷ್ಟೇ ತರಚಿದ್ದರೆ, ಬಿಸಿಗಾಳಿಯ ಯಂತ್ರವನ್ನು ಹಿಡಿದಾಗ ಹಾಳೆಯು ಸ್ವಲ್ಪ ಸಡಿಲಗೊಂಡು, ಹೊಳಪಿನ ಜಾತಿಯದಾದರೆ ಗುರುತು ಕೆಲವು ಮಟ್ಟಿಗೆ ಅಡಗುವುದೂ ಉಂಟು. ಹಾಳೆಯು ಕೊರೆದುಹೋಗಿದ್ದರೆ ಯಾವ ಬಿಸಿಯೂ ಅದನ್ನು ಕೂಡಿಸಲಾರದು. ಇಂಥ ಗೀರನ್ನು ಗಿರಾಕಿಗೆ ತೋರಿಸಬೇಕೆ? ಕಾಣದಿದ್ದುದನ್ನು ತೋರಿಸಿ ಮನಸ್ಸನ್ನು ಕೆಡಿಸುವುದೇಕೆಂದು ಕೆಲವರು ಕೇಳುತ್ತಾರೆ. ತರಚು ಬಿಸಿಯಿಂದ ನಿಜವಾಗಿ ಅಡಗಿದ್ದರೆ ಹೇಳದಿರುವುದರಲ್ಲಿ ವಂಚನೆಯಿಲ್ಲವೆಂದು ನನಗೆ ತೋರುತ್ತದೆ. ಅದು ಕೆಲಸದ ನಡುವೆ ಹುಟ್ಟಿ ಕೆಲಸದ ನಡುವೆಯೇ ತೀರಿದ ದೋಷ. ಹಾಳೆ ಕೊರೆದಿದ್ದರೆ ಮಾತ್ರ ಹೇಳಲೇಬೇಕು, ಅದು ಎಷ್ಟು ಚಿಕ್ಕದಾಗಿದ್ದರೂ; ಏಕೆಂದರೆ ಅಲ್ಲಿಂದ ನೀರು ಒಳಗಿಳಿಯುತ್ತದೆ, ಗೀರು ಬೆಳೆಯುತ್ತದೆ, ಬೆಳೆಯುವ ದೋಷವನ್ನು ಕೊಂಡವನು ತಾನು ಏನನ್ನು ಕೊಂಡೆನೆಂಬುದನ್ನು ಅರಿಯದೆ ಹಣ ಕೊಟ್ಟಂತಾಗುತ್ತದೆ. ಇವೆರಡರ ನಡುವೆ, ಅಡಗಿಯೂ ಅಡಗದಂತಿರುವ ಗೀರುಗಳ ಒಂದು ದೊಡ್ಡ ವರ್ಗವಿದೆ. ಅವುಗಳ ವಿಷಯದಲ್ಲಿ ನಾನು ಆ ಯುವಕನಿಗೆ ಹೇಳಿದ್ದು, ವಾಹನವನ್ನು ಒಪ್ಪಿಸುವಾಗ ಮರದ ನೆರಳಿನಲ್ಲಿ ನಿಲ್ಲಿಸದೆ ಬಯಲಿನಲ್ಲಿ, ಬೆಳಕು ಓರೆಯಾಗಿ ಬೀಳುವ ಕಡೆಗೆ ಬಾಗಿಲನ್ನು ತಿರುಗಿಸಿ ನಿಲ್ಲಿಸು ಎಂದಷ್ಟೇ.